ಬಿಟ್ಟು ಬರೋಕೂ ಒಬ್ಬರು ಬೇಕು

ಭಾನುವಾರ ನಾಯಿ ಶೆಲ್ಟರ್‌ಗೆ ಹೋಗ್ತೀನಿ ಅಂದರೆ ಆಫೀಸಿನಲ್ಲಿ ಎರಡು ಥರದ ಮಾತು ಕೇಳಿಬರುತ್ತೆ. ಮೊದಲನೆಯದು, "ಅಯ್ಯೋ ಎಷ್ಟು ಚೆನ್ನಾಗಿರುತ್ತಲ್ವಾ, ಮರಿಗಳನ್ನ ಮುದ್ದಾಡಿಕೊಂಡು ಇರಬಹುದು, ನನ್ನೂ ಕರ್ಕೊಂಡು ಹೋಗು." ಎರಡನೆಯದು, "ಮನುಷ್ಯರಿಗೇ ಮಾಡೋರಿಲ್ಲ, ನೀನು ನಾಯಿಗೆ ಮಾಡ್ತೀಯಲ್ಲ." ಎರಡನೆಯ ಮಾತು ಹೇಳಿದವರಲ್ಲಿ ಒಬ್ಬರು ವರ್ಷಕ್ಕೆ ಮೂರು ಸಲ ತಪ್ಪದೆ ರಕ್ತ ಕೊಡುವವರು, ಹಾಗಾಗಿ ಅವರ ಹತ್ತಿರ ನಾನು ವಾದಕ್ಕೆ ಹೋಗಲ್ಲ. ಮೊದಲನೆಯವರನ್ನು ಮಾತ್ರ ಕರೆದುಕೊಂಡು ಹೋಗ್ತೀನಿ. ಎರಡು ವರ್ಷದಲ್ಲಿ ಹಾಗೆ ಹನ್ನೊಂದು ಜನ ಬಂದಿದ್ದಾರೆ. ಎರಡನೇ ಭಾನುವಾರವೂ ಬಂದವರು ಮೂರು ಜನ. ಈಗಲೂ ಬರ್ತಿರೋದು ಒಬ್ಬಳೇ. ಅವಳಿಗೆ ಮೊದಲು ನಾಯಿ ಕಂಡರೆ ಭಯ ಇತ್ತು.

ನಾನು ತಿಪಟೂರು ಕಡೆಯವಳು. ನಮ್ಮ ಮನೆಯಲ್ಲೂ ನಾಯಿ ಇತ್ತು, ಆದರೆ ಅದು ಹೊಸಿಲು ದಾಟಿ ಒಳಗೆ ಬಂದದ್ದು ನನಗೆ ನೆನಪಿಲ್ಲ. ಕೊಬ್ಬರಿ ಅಟ್ಟದ ಕೆಳಗೆ ಮಲಗುತ್ತಿತ್ತು, ಮಿಕ್ಕ ಮುದ್ದೆ ಸಾರು ತಿನ್ನುತ್ತಿತ್ತು, ಒಂದು ದಿನ ಹೋಯಿತು. ಅಷ್ಟೇ. ಹಾಗಾಗಿ ನಾಯಿಗಾಗಿ ರಜೆ ದಿನ ಬೆಳಗ್ಗೆ ಎದ್ದು ಹೋಗೋದು ಅಮ್ಮನಿಗೆ ಇವತ್ತಿಗೂ ಅರ್ಥ ಆಗಿಲ್ಲ. "ನಾಯಿಗೆ ಕೆಲಸ ಇಲ್ಲ, ಕೂರೋಕೆ ಪುರುಸೊತ್ತಿಲ್ಲ ಅಂತಾರಲ್ಲ, ಹಂಗಾಯ್ತು ನಿನ್ ಕಥೆ" ಅಂತ ಫೋನಿನಲ್ಲಿ ನಗ್ತಾಳೆ. ಬೆಂಗಳೂರಿಗೆ ಬಂದು ಪೇರೋಲ್ ಕೆಲಸಕ್ಕೆ ಸೇರಿದ ಮೇಲೆ ವಾರದಲ್ಲಿ ಐದು ದಿನ ಎಕ್ಸೆಲ್ ಶೀಟು ನೋಡಿ ನೋಡಿ, ಕೈಯಲ್ಲಿ ಮಾಡುವ ಯಾವುದಾದರೂ ಕೆಲಸ ಬೇಕು ಅನ್ನಿಸಿ ಹೋದದ್ದು ನಾನು. ಪ್ರಾಣಿಪ್ರೀತಿ ಅಂತ ದೊಡ್ಡದಾಗಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ.

ಶೆಲ್ಟರ್ ಇರೋದು ಕನಕಪುರ ರಸ್ತೆ ಕಡೆ. ಗ್ರೀನ್ ಲೈನ್ ಮೆಟ್ರೋದಲ್ಲಿ ಕೊನೆಯ ಸ್ಟೇಷನ್ ರೇಷ್ಮೆ ಸಂಸ್ಥೆಯಲ್ಲಿ ಇಳಿದು ಅಲ್ಲಿಂದ ಆಟೊ ಹಿಡೀಬೇಕು. ಗೇಟಿನಲ್ಲೇ ಒಂದು ಟ್ರೇನಲ್ಲಿ ಬ್ಲೀಚಿಂಗ್ ನೀರು ಇಟ್ಟಿರ್ತಾರೆ. ನಿಮ್ಮ ಚಪ್ಪಲಿ ಬಿಟ್ಟು, ಅವರ ಗಮ್‌ಬೂಟ್ ಹಾಕಿ, ಅದರಲ್ಲಿ ಅದ್ದಿ ಒಳಗೆ ಹೋಗಬೇಕು. ಇದು ಶಾಸ್ತ್ರಕ್ಕೆ ಮಾಡೋದಲ್ಲ. ಪಾರ್ವೋ ಅನ್ನೋ ವೈರಸ್ ಇದೆಯಲ್ಲ, ಮರಿಗಳಿಗೆ ರಕ್ತಭೇದಿ ತರಿಸಿ ಎರಡು ಮೂರು ದಿನದಲ್ಲಿ ಮುಗಿಸಿಬಿಡುತ್ತೆ, ಅದು ನೆಲದ ಮೇಲೆ ತಿಂಗಳುಗಟ್ಟಲೆ ಬದುಕಿರುತ್ತೆ. ನಿಮ್ಮ ಶೂಗೆ ಅಂಟಿಕೊಂಡು ನಿಮ್ಮ ಮನೆಯ ಮರಿಗೂ ಬರಬಹುದು. ಅದಕ್ಕೇ ಒಳಗೂ ಒಂದು ಕ್ರಮ ಇದೆ. ಮೊದಲು ಮರಿಗಳ ಕೋಣೆ, ಆಮೇಲೆ ಆರೋಗ್ಯವಾಗಿರುವ ದೊಡ್ಡ ನಾಯಿಗಳು, ಕಾಯಿಲೆಯವರ ವಾರ್ಡು ಕೊನೆಗೆ. ಒಮ್ಮೆ ಆ ವಾರ್ಡಿಗೆ ಹೋದರೆ ಅವತ್ತು ಮತ್ತೆ ಮರಿಗಳ ಹತ್ತಿರ ಹೋಗುವಂತಿಲ್ಲ. ಮುದ್ದಾಡೋಕೆ ಅಂತ ಬಂದವರಿಗೆ ಮೊದಲ ನಿರಾಸೆ ಇಲ್ಲೇ.

ಎರಡನೆಯದು ಕಕ್ಕಸು. ಸುಮ್ಮನೆ ಪೈಪು ಹಿಡಿದು ನೀರು ಬಿಟ್ಟರೆ ಆಗಲ್ಲ. ಮೊದಲು ಮೊರದಂಥ ಡಸ್ಟ್‌ಪ್ಯಾನಿನಲ್ಲಿ ಎಲ್ಲಾ ಬಳಿದು ತೆಗೀಬೇಕು, ಆಮೇಲೆ ಸೋಪಿನ ನೀರು, ಆಮೇಲೆ ಬ್ಲೀಚ್, ಹತ್ತು ನಿಮಿಷ ಬಿಟ್ಟು ತೊಳೆದು, ಒಣಗಿಸಿ, ಆಮೇಲೆ ನಾಯಿ ಒಳಕ್ಕೆ. ಕೊಳೆ ಇರುವ ಕಡೆ ಬ್ಲೀಚ್ ಕೆಲಸ ಮಾಡಲ್ಲ ಅಂತ ನನಗೆ ಕಲಿಸಿದ್ದು ಅಲ್ಲಿ ಕೆಲಸಕ್ಕಿರುವ ಅಣ್ಣ. ರಾಯಚೂರು ಕಡೆಯವರು, ಮಾತು ಕಡಿಮೆ. ಅವರು ತೊಳೆದ ಗೂಡು ಯಾವುದು, ನಾವು ವಾಲಂಟಿಯರ್‌ಗಳು ತೊಳೆದದ್ದು ಯಾವುದು ಅಂತ ಮೂಗಿನಲ್ಲೇ ಹೇಳಬಹುದು.

ಕಂಪನಿಗಳಿಂದ ಟೀಮ್ ಬರೋದುಂಟು. ಒಂದೇ ಬಣ್ಣದ ಟೀ ಶರ್ಟ್ ಹಾಕಿ ಮೂವತ್ತು ಜನ, ಎರಡು ಗಂಟೆ, ಗ್ರೂಪ್ ಫೋಟೊ. ಅವರನ್ನು ಗೇಲಿ ಮಾಡೋಕೆ ನನಗೆ ಇಷ್ಟವಿಲ್ಲ. ಅವರು ತಂದುಕೊಟ್ಟ ಅಕ್ಕಿ ಮೂಟೆಯಲ್ಲಿ ತಿಂಗಳು ಸಾಗುತ್ತೆ. ಆದರೆ ನಾಯಿಗಳ ಕಡೆಯಿಂದ ನೋಡಿ: ಗುರುತಿಲ್ಲದ ಮೂವತ್ತು ಜನ ಬಂದು ತಲೆ ಸವರಿ ಹೋದರೆ ಹೆದರುವ ನಾಯಿ ಇನ್ನೂ ಮೂಲೆಗೆ ಸರಿಯುತ್ತೆ. ಅದೇ ವಾಸನೆಯ, ಅದೇ ದನಿಯ ಒಬ್ಬರೇ ಪ್ರತಿ ವಾರ ಬಂದು ಗೂಡಿನ ಹೊರಗೆ ಬೆನ್ನು ತಿರುಗಿಸಿ ಕೂತರೆ ಮೂರನೇ ವಾರವೋ ನಾಲ್ಕನೇ ವಾರವೋ ಒಂದು ತಣ್ಣನೆ ಮೂಗು ಬೆನ್ನಿಗೆ ತಗಲುತ್ತೆ. ಎಂಟು ವರ್ಷ ಸಾಕಿದ ಲ್ಯಾಬ್ರಡಾರ್ ಒಂದನ್ನು ಯಾರೋ ಗೇಟಿಗೆ ಕಟ್ಟಿ ಹೋಗಿದ್ದರು, ಅದರ ಹಾಸಿಗೆ ಸಮೇತ. ಅದು ಐದು ದಿನ ಏನೂ ತಿನ್ನಲಿಲ್ಲ. ಅವತ್ತು ನನಗೆ ಕೊಟ್ಟ ಕೆಲಸ, ಅದರ ಪಕ್ಕ ಕೂತು ಜೋರಾಗಿ ಪೇಪರ್ ಓದೋದು. ಕ್ರೀಡಾ ಪುಟದಿಂದ ಹಿಡಿದು ಟೆಂಡರ್ ಜಾಹೀರಾತಿನವರೆಗೂ ಓದಿದೆ. ಅಂದಹಾಗೆ, ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಯಲ್ಲಿ ನರಳುವ ಹಾಗೆ ಬಿಟ್ಟು ಹೋಗೋದು ಅಪರಾಧ ಅಂತ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲೇ ಇದೆ. ಮೊದಲ ಸಲ ಸಿಕ್ಕಿಬಿದ್ದರೆ ದಂಡ ಹೆಚ್ಚೆಂದರೆ 50 ರೂಪಾಯಿ. ನಮ್ಮ ಆಫೀಸ್ ಕೆಳಗಿನ ದರ್ಶಿನಿಯಲ್ಲಿ ಆ ದುಡ್ಡಿಗೆ ಮಸಾಲೆದೋಸೆ ಬರಲ್ಲ.

ಕೈಕಾಲು ನೋಯಿಸಿಕೊಳ್ಳದೆ ಮಾಡುವ ಕೆಲಸವೂ ಇದೆ. ಲಸಿಕೆ ಯಾರಿಗೆ ಯಾವಾಗ ಅನ್ನೋ ಶೀಟು ಈಗ ನನ್ನದು. ಪೇರೋಲ್‌ನಲ್ಲಿ ಕಲಿತ ವಿದ್ಯೆ ಅಲ್ಲಿ ಉಪಯೋಗಕ್ಕೆ ಬಂತು. ದತ್ತು ಕೊಡುವ ನಾಯಿಗಳ ಫೋಟೊ ತೆಗೆಯೋಕೆ ಒಬ್ಬ ಹುಡುಗ ಬರ್ತಾನೆ, ಕಪ್ಪು ನಾಯಿಯನ್ನು ನೆರಳಿನಲ್ಲಿ ಕೂರಿಸಿ ಕಣ್ಣು ಕಾಣುವ ಹಾಗೆ ತೆಗೆಯೋದು ಅವನಿಗೇ ಗೊತ್ತು. ಆದರೆ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಕಷ್ಟದ್ದು ಫೋನ್ ಡ್ಯೂಟಿ. "ಇಲ್ಲೊಂದು ನಾಯಿಗೆ ಗಾಡಿ ಗುದ್ದಿದೆ, ಬೇಗ ಬನ್ನಿ" ಅಂತ ಹೇಳಿ ಇಟ್ಟುಬಿಡ್ತಾರೆ. ಇಡೀ ಬೆಂಗಳೂರಿನಲ್ಲಿ "ಇಲ್ಲಿ" ಅಂದರೆ ಎಲ್ಲಿ? ಮತ್ತೆ ಫೋನ್ ಮಾಡಿ, ಲೊಕೇಷನ್ ತರಿಸಿಕೊಂಡು, ಒಂದು ಫೋಟೊ ಕೇಳಿ, ಗಾಡಿ ಬರುವ ತನಕ ಅಲ್ಲೇ ನಿಂತಿರಿ ಅಂತ ಒಪ್ಪಿಸಬೇಕು. ಗಾಡಿ ಹೋಗೋ ಹೊತ್ತಿಗೆ ಕರೆದವರು ಅಲ್ಲಿಲ್ಲದಿದ್ದರೆ, ಹೆದರಿದ ನಾಯಿ ಎಲ್ಲಾದರೂ ತೆವಳಿಕೊಂಡು ಕಾರಿನಡಿಯೋ ಮೋರಿಯೊಳಗೋ ಸೇರಿರುತ್ತೆ, ಸಿಗಲ್ಲ. ಬಾಯಿಗೆ ನೀರು ಸುರೀಬೇಡಿ, ಬರೀ ಕೈಯಲ್ಲಿ ಎತ್ತಬೇಡಿ, ಎಷ್ಟೇ ಪಾಪದ ನಾಯಿ ಆದರೂ ನೋವಿನಲ್ಲಿ ಕಚ್ಚುತ್ತೆ, ಸಾಧ್ಯವಾದರೆ ಒಂದು ಬೆಡ್‌ಶೀಟ್ ಹೊದಿಸಿ ಜನರನ್ನು ದೂರ ಇಡಿ. ಇದನ್ನೇ ದಿನಕ್ಕೆ ಇಪ್ಪತ್ತು ಸಲ, ಪ್ರತಿ ಸಲವೂ ಮೊದಲ ಸಲದ ಹಾಗೆ ಹೇಳಬೇಕು. ಎಷ್ಟೋ ಸಲ ಆ ಕಡೆಯವರಿಗೂ ಆಫೀಸಿಗೆ ತಡವಾಗಿರುತ್ತೆ, ಆದರೂ ನಿಲ್ತಾರೆ. ಅವರ ಹೆಸರು ಯಾವ ಶೀಟಿನಲ್ಲೂ ಇರಲ್ಲ.

ಕಚ್ಚುವ ಮಾತು ಬಂತು, ಅದನ್ನೂ ಹೇಳಿಬಿಡ್ತೀನಿ. ಸೇರುವ ಮೊದಲೇ ರೇಬಿಸ್ ಲಸಿಕೆ ಹಾಕಿಸಿಕೊಳ್ಳಿ. ನಮ್ಮಲ್ಲಿ ಅದು ಹಾಕಿಸದೆ ಗೂಡಿನೊಳಗೆ ಬಿಡಲ್ಲ. ರೇಬಿಸ್ ಲಕ್ಷಣ ಶುರುವಾದ ಮೇಲೆ ಬದುಕೋದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಆದರೆ ಮೊದಲೇ ತಡೆಯೋದು ಸುಲಭ. ಹಲ್ಲು ತಗಲಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ. ಮೊದಲೇ ಲಸಿಕೆ ಆಗಿದ್ದರೂ ಕಚ್ಚಿದ ಮೇಲೆ ಮತ್ತೆ ಎರಡು ಡೋಸ್ ಬೇಕು. ಅರಿಶಿನ, ಸುಣ್ಣ, ಮೆಣಸಿನಪುಡಿ ಮೆತ್ತುವ ಊರಿನ ಔಷಧವೆಲ್ಲ ಬೇಡ.

ಸಾವಿನ ಬಗ್ಗೆ ಹೆಚ್ಚು ಬರೆಯಲ್ಲ. ಡಿಸ್ಟೆಂಪರ್ ಬಂದ ಮರಿಗಳು ಚೆನ್ನಾಗಿ ತಿಂದುಕೊಂಡಿದ್ದು, ಒಂದು ವಾರ ಬಿಟ್ಟು ಹೋಗುವಷ್ಟರಲ್ಲಿ ಕಾಲು ಅದುರೋಕೆ ಶುರುವಾಗಿರುತ್ತೆ. ಲಸಿಕೆ ಇದೆ, ಆದರೆ ಬಂದ ಮೇಲೆ ಆ ವೈರಸ್‌ಗೇ ಅಂತ ಔಷಧ ಇಲ್ಲ. ನನ್ನ ಶೀಟಿನಲ್ಲಿ ಕೆಲವು ಸಾಲುಗಳಿಗೆ ಬೂದು ಬಣ್ಣ ಹಾಕ್ತೀನಿ. ಅಷ್ಟು ಸಾಕು.

ನಾನು ಹೇಳಬೇಕು ಅಂದುಕೊಂಡಿದ್ದು ಬೇರೆ, ಬೋಂಡನ ವಿಷಯ.

ಬೋಂಡ ಬಂದದ್ದು 2025ರ ಜುಲೈನಲ್ಲಿ. ಆ ವಾರ ಬೆಂಗಳೂರೆಲ್ಲಾ ಒಂದೇ ಮಾತು: ಬಿಬಿಎಂಪಿಯವರು ಸುಮಾರು ಐದು ಸಾವಿರ ಬೀದಿನಾಯಿಗಳಿಗೆ ದಿನಾ ಚಿಕನ್ ರೈಸ್ ಹಾಕ್ತಾರಂತೆ ಅಂತ. ನಮ್ಮ ಆಫೀಸಿನಲ್ಲಂತೂ "ನಾನೂ ನಾಯಿ ಆಗ್ತೀನಪ್ಪ" ಅನ್ನೋ ಜೋಕು ಹತ್ತು ಸಲ ಕೇಳಿದೆ. ಆ ಗದ್ದಲದ ನಡುವೆ ಕತ್ರಿಗುಪ್ಪೆಯ ಒಂದು ಅಡ್ಡರಸ್ತೆಯಿಂದ ಫೋನು. ಹಾಲಿನ ಗಾಡಿ ಗುದ್ದಿ ಒಂದು ನಾಯಿ ಬಿದ್ದಿದೆ. ಕರೆದ ಹುಡುಗ ಒಂದೂವರೆ ಗಂಟೆ ಅಲ್ಲೇ ನಿಂತಿದ್ದ. ಗಂಡುನಾಯಿ, ಮೂರು ನಾಲ್ಕು ವರ್ಷ ಇರಬಹುದು, ಮೈಯೆಲ್ಲಾ ಕರಿದ ಬಣ್ಣ, ಉರುಟು ಮುಖ. ಹಿಂದಿನ ಬಲಗಾಲಿನ ತೊಡೆಮೂಳೆ ಮುರಿದಿತ್ತು. ಡಾಕ್ಟರು ಒಳಗೆ ಸ್ಟೀಲ್ ರಾಡ್ ಹಾಕಿ ಕೂಡಿಸಿದರು.

ಮುಂದಿನ ಹತ್ತು ವಾರ ಅವನು ನನ್ನ ಪಾಲಿಗೆ ಬಂದ. ಮೊದಲ ಮೂರು ವಾರ ಗೂಡು ಬಿಟ್ಟು ಆಚೆ ಬರುವ ಹಾಗಿರಲಿಲ್ಲ. ಆಮೇಲೆ ಹೊಟ್ಟೆ ಅಡಿಗೆ ಒಂದು ಟವೆಲ್ ತೂರಿಸಿ, ಎರಡು ತುದಿ ಹಿಡಿದು ಹಿಂಭಾಗ ಎತ್ತಿ, ಐದು ನಿಮಿಷ ನಡೆಸೋದು. ಸೊಂಟ ಹಿಡಿದುಹೋಗುತ್ತೆ, ನನ್ನದು. ಮಾತ್ರೆ ನುಂಗಿಸೋಕೆ ಮೊಟ್ಟೆ, ಬಾಳೆಹಣ್ಣು, ಪನೀರ್ ಎಲ್ಲ ಆಗಿ, ಕೊನೆಗೆ ಅವನು ಒಪ್ಪಿದ್ದು ಇಡ್ಲಿ. ಚಟ್ನಿ ಇಲ್ಲದ ಇಡ್ಲಿ. ಈರುಳ್ಳಿ ನಾಯಿಗೆ ಆಗಲ್ಲ. ವಾರದ ನಡುವೆ ಬೇರೆ ಇಬ್ಬರು ನಡೆಸ್ತಿದ್ದರು. ಮೂವರಿಗೂ ಒಂದೊಂದು ವಾಟ್ಸಾಪ್ ವಿಡಿಯೊ: ಇವತ್ತು ಕಾಲು ಊರಿದ, ಇವತ್ತು ಊರಲಿಲ್ಲ. ಆ ನಡುವೆ ಅವನಿಗೆ ಸಂತಾನಹರಣದ ಆಪರೇಷನ್ ಆಯಿತು, ರೇಬಿಸ್ ಲಸಿಕೆ ಆಯಿತು, ಕಿವಿ ತುದಿಯಲ್ಲಿ ಗುರುತಿನ ಕತ್ತರಿ ಬಿತ್ತು. ಎಂಟನೇ ವಾರ ನನ್ನ ಆಟೊ ಶಬ್ದ ಕೇಳಿದರೇನೇ ಗೂಡಿನ ಬಾಗಿಲಿಗೆ ಬಂದು ನಿಲ್ಲುತ್ತಿದ್ದ.

ಇನ್ನು ನೀವು ಊಹಿಸಬಹುದು. ಮನೆಗೇ ತಗೊಂಡು ಹೋಗೋಣ ಅನ್ನಿಸಿತು. ಓನರ್ ಆಂಟಿಯನ್ನು ಕೇಳಿದೆ, ಅವರು "ಬಾಡಿಗೆ ಒಪ್ಪಂದ ಓದಮ್ಮ" ಅಂದರು. ಅದಕ್ಕಿಂತ ಅಮ್ಮ ಕೇಳಿದ್ದು ಜೋರಾಗಿ ತಾಕಿತು. "ಬೀದೀಲಿ ಓಡಾಡಿಕೊಂಡಿದ್ದ ಪ್ರಾಣಿ. ನೀನು ಬೆಳಗ್ಗೆ ಎಂಟಕ್ಕೆ ಹೋಗಿ ರಾತ್ರಿ ಎಂಟಕ್ಕೆ ಬರ್ತೀಯ. ಹನ್ನೆರಡು ಗಂಟೆ ಒಂದು ರೂಮಲ್ಲಿ ಕೂಡಿಹಾಕಿ ಅದನ್ನ ಪ್ರೀತಿ ಅಂತೀಯಾ?" ನಾಯಿಯನ್ನು ಯಾವತ್ತೂ ಮನೆಯೊಳಗೆ ಸೇರಿಸದ ಅಮ್ಮ ಕೇಳಿದ ಪ್ರಶ್ನೆ ಅದು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಶೆಲ್ಟರ್ ನಡೆಸುವ ಮೇಡಂಗೆ ಇನ್ನೂ ನೇರವಾದ ಲೆಕ್ಕ ಇತ್ತು. ಚಿಕಿತ್ಸೆಯ ವಾರ್ಡಿನಲ್ಲಿ ಇರೋದು ಹದಿನಾಲ್ಕು ಗೂಡು. ವಾಸಿಯಾದ ನಾಯಿ ಒಂದು ವಾರ ಹೆಚ್ಚಿಗೆ ಉಳಿದರೆ, ಆ ವಾರ ಫೋನಿನಲ್ಲಿ ಯಾರಿಗೋ "ಜಾಗ ಇಲ್ಲ" ಅಂತ ಹೇಳಬೇಕು. ಹೇಳುವವಳೂ ನಾನೇ. ತರೋಕೆ ಎಲ್ಲರೂ ಇರ್ತಾರೆ, ವಿಡಿಯೊಗಳೂ ಅದರದ್ದೇ: ಬಾವಿಯಿಂದ ಎತ್ತಿದ್ದು, ಮೋರಿಯಿಂದ ಎಳೆದದ್ದು. ವಾಪಸ್ ಕರೆದುಕೊಂಡು ಹೋಗಿ ಅದರ ಬೀದಿಯಲ್ಲಿ ಬಿಡುವ ಕೆಲಸಕ್ಕೆ ವಾಲಂಟಿಯರ್ ಬೇಕು ಅಂತ ಗ್ರೂಪಿನಲ್ಲಿ ಹಾಕಿದರೆ ಎಲ್ಲರ ಮೆಸೇಜಿಗೂ ನೀಲಿ ಟಿಕ್ ಬೀಳುತ್ತೆ, ಉತ್ತರ ಬರಲ್ಲ. "ಅವನಿಗೆ ಮನೆ ಇದೆ, ಬಾಗಿಲು ಇಲ್ಲ ಅಷ್ಟೇ. ನೀನೇ ಬಿಟ್ಟು ಬಾ, ಅವನಿಗೆ ನಿನ್ನ ಗುರುತಿದೆ" ಅಂದರು ಮೇಡಂ.

ನಿಯಮವೂ ಅದೇ ಹೇಳುತ್ತೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿನಾಯಿಗೆ ಆಪರೇಷನ್, ಲಸಿಕೆ ಮಾಡಿ ಹಿಡಿದ ಜಾಗಕ್ಕೇ ಬಿಡಬೇಕು. ಕಾರಣ ಸರಳ. ಒಂದು ಬೀದಿಯಿಂದ ನಾಯಿ ತೆಗೆದರೆ ಆ ಬೀದಿ ಖಾಲಿ ಇರಲ್ಲ, ಕಸದ ರಾಶಿ ಇರುವ ತನಕ ಪಕ್ಕದ ಏರಿಯಾದಿಂದ ಇನ್ನೊಂದು ಬರುತ್ತೆ, ಅದಕ್ಕೆ ಲಸಿಕೆ ಆಗಿರಲ್ಲ, ಆಪರೇಷನ್ನೂ ಆಗಿರಲ್ಲ. 2023ರಲ್ಲಿ ಬಿಬಿಎಂಪಿ ಎಣಿಸಿದಾಗ ನಗರದಲ್ಲಿ ಸುಮಾರು 2.79 ಲಕ್ಷ ಬೀದಿನಾಯಿಗಳಿದ್ದವು, 2019ರಲ್ಲಿ ಅದು 3 ಲಕ್ಷಕ್ಕಿಂತ ಹೆಚ್ಚಿತ್ತು. ಅಷ್ಟು ನಾಯಿಗೆ ಎಲ್ಲಿ ಗೂಡು ಕಟ್ಟೋದು?

ಆದರೆ ಆ ತಿಂಗಳುಗಳಲ್ಲಿ ಇದನ್ನು ಯಾರಿಗೂ ನಿಧಾನವಾಗಿ ಹೇಳುವ ಹಾಗಿರಲಿಲ್ಲ. ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ದೆಹಲಿಯ ಬೀದಿನಾಯಿಗಳನ್ನೆಲ್ಲ ಶೆಲ್ಟರ್‌ಗೆ ಹಾಕಿ ಅಂದಿತು. ಆಗಸ್ಟ್ 22ರಂದು ಅದನ್ನು ಬದಲಿಸಿ, ರೇಬಿಸ್ ಇರುವ ಮತ್ತು ಮೈಮೇಲೆ ಬೀಳುವ ನಾಯಿಗಳನ್ನು ಬಿಟ್ಟು ಉಳಿದವನ್ನು ಆಪರೇಷನ್, ಲಸಿಕೆ ಮಾಡಿ ಅದೇ ಜಾಗಕ್ಕೆ ಬಿಡಿ ಅಂದಿತು. ನವೆಂಬರ್‌ನಲ್ಲಿ ಶಾಲೆ, ಆಸ್ಪತ್ರೆ, ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್‌ಗಳಿಂದ ಹಿಡಿದವನ್ನು ಮತ್ತೆ ಅಲ್ಲಿಗೆ ಬಿಡಬಾರದು ಅಂತ ಇನ್ನೊಂದು ಆದೇಶ ಬಂತು. ಟೀವಿಯಲ್ಲಿ ಮಾತ್ರ ದಿನಾ ಎರಡು ಗುಂಪು. ನಾಯಿ ಪ್ರೇಮಿಗಳು, ನಾಯಿ ವಿರೋಧಿಗಳು. ನನಗೆ ಯಾವ ಗುಂಪಿನಲ್ಲೂ ಕೂರೋಕೆ ಆಗ್ತಿರಲಿಲ್ಲ.

ದಸರೆಗೆ ಒಂದು ವಾರ ಇತ್ತು. ಅರ್ಧ ದಿನ ರಜೆ ಹಾಕಿ ಶೆಲ್ಟರ್‌ನ ಗಾಡಿಯಲ್ಲಿ ಬೋಂಡನ ಜೊತೆ ಹಿಂದೆ ಕೂತೆ. ಅವನು ಬಂದಾಗ ಬಿಬಿಎಂಪಿ ಇತ್ತು, ವಾಪಸ್ ಹೋಗುವಾಗ ಅದು ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಐದು ಪಾಲಿಕೆ ಆಗಿತ್ತು. ಅವನ ಬೀದಿ ಮಾತ್ರ ಅದೇ. ಬನಶಂಕರಿ ದಾಟುವ ತನಕ ನನ್ನ ತೊಡೆಯ ಮೇಲೆ ತಲೆ ಇಟ್ಟಿದ್ದ. ಕತ್ರಿಗುಪ್ಪೆ ಬರುತ್ತಿದ್ದ ಹಾಗೆ ಎದ್ದು ನಿಂತು ಮೂಗು ಕಿಟಕಿಯ ಜಾಲರಿಗೆ ಒತ್ತಿದ.

ಗಾಡಿ ನಿಂತದ್ದು ತಿರುವಿನಲ್ಲಿ ಹೂವು ಮಾರುವ ಅಜ್ಜಿಯ ಬುಟ್ಟಿ ಹತ್ತಿರ. ಅಜ್ಜಿ ಗಾಡಿಯೊಳಗೆ ಇಣುಕಿ "ರಾಜ" ಅಂದರು. ಹತ್ತು ವಾರ ನಾವು ಬೋಂಡ ಬೋಂಡ ಅಂತ ಕರೆದಿದ್ದೆವು, ಅವನಿಗೆ ಹೆಸರೊಂದು ಮೊದಲೇ ಇತ್ತು. ಅವನು ಇಳಿದ ರಭಸಕ್ಕೆ ನನ್ನ ಕೈಯಿಂದ ಹಗ್ಗ ಜಾರಿತು. ಅಜ್ಜಿಯ ಸೆರಗಿಗೆ ತಲೆ ತೂರಿಸಿ, ಆ ಕುಂಟುಗಾಲಿನಲ್ಲೇ ಬುಟ್ಟಿ ಸುತ್ತ ಮೂರು ಸುತ್ತು. ಸೇವಂತಿಗೆ ಚೆಲ್ಲಿತು. "ಬಿಡು ಬಿಡು, ಭೈರವನ ವಾಹನ ಕಣಮ್ಮ, ಹೂವು ಹೋದರೆ ಹೋಯ್ತು" ಅಂತ ಅಜ್ಜಿ ಕಣ್ಣೊರೆಸಿಕೊಂಡರು. ಸತ್ತಿರಬೇಕು ಅಂದುಕೊಂಡಿದ್ದರಂತೆ. ಅಲ್ಲಿಗೆ ಮುಗಿದಿದ್ದರೆ ಒಳ್ಳೆ ರೀಲ್ ಆಗ್ತಿತ್ತು.

ಮೊದಲನೇ ಮಹಡಿಯಿಂದ ಒಬ್ಬರು ಕೆಳಗೆ ಬಂದರು. ನನಗಿಂತ ಐದಾರು ವರ್ಷ ದೊಡ್ಡವರು, ಕೈಯಲ್ಲಿ ಇನ್ನೂ ಲ್ಯಾಪ್‌ಟಾಪ್ ಚಾರ್ಜರ್. "ಹೋಗಿತ್ತಲ್ಲ, ಮತ್ತೆ ಯಾಕೆ ತಂದು ಬಿಡ್ತಿದ್ದೀರಾ?" ನಾನು ಶುರು ಮಾಡಿದೆ: ಆಪರೇಷನ್ ಆಗಿದೆ, ಲಸಿಕೆ ಆಗಿದೆ, ಕಾರ್ಡ್ ಇಲ್ಲಿದೆ, ಕಿವಿ ನೋಡಿ. ಅವರು ಕಾರ್ಡ್ ಮುಟ್ಟಲಿಲ್ಲ. "ನನ್ನ ಮಗನಿಗೆ ಆರು ವರ್ಷ. ಹೋದ ವರ್ಷ ಟ್ಯೂಷನ್‌ನಿಂದ ಬರುವಾಗ ಮೀನಖಂಡಕ್ಕೆ ಬಾಯಿ ಹಾಕ್ತು. ಇದಲ್ಲ, ಬೇರೆ ನಾಯಿ. ಇಮ್ಯುನೊಗ್ಲೋಬ್ಯುಲಿನ್ ಅಂತ ಗಾಯದ ಒಳಗೇ ಸೂಜಿ ಚುಚ್ಚಿದರು, ಇವನ ಕಿರುಚಾಟ ಈಗಲೂ ಕಿವೀಲಿದೆ. ಇವತ್ತಿಗೂ ಅವನು ಒಬ್ಬನೇ ಕೆಳಗೆ ಇಳಿಯಲ್ಲ. ಕಾಗದ ಇಟ್ಟುಕೊಂಡು ನಾನೇನು ಮಾಡಲಿ? ಇವನು ಕಚ್ಚಲ್ಲ ಅಂತ ಬರೆದುಕೊಡ್ತೀರಾ?"

"ಇಲ್ಲ, ಬರೆದುಕೊಡೋಕೆ ಆಗಲ್ಲ" ಅಂದೆ.

ಬೇರೆ ಏನು ಹೇಳಬಹುದಿತ್ತು? ಹಲ್ಲಿರುವ ಪ್ರಾಣಿ. ಹತ್ತು ವಾರದಲ್ಲಿ ನನಗೆ ಒಂದು ಸಲವೂ ಗುರ್ ಅಂದಿಲ್ಲ ಅನ್ನೋದು ನನ್ನ ಅನುಭವ, ಅವರ ಮಗನ ಕಾಲಿಗೆ ಅದು ಗ್ಯಾರಂಟಿ ಅಲ್ಲ. ಅವರು ನಾಯಿ ವಿರೋಧಿ ಅಂತ ಟೀವಿಯವರು ಕೂರಿಸುವ ಕುರ್ಚಿಯಲ್ಲಿ ಕೂರುವವರಲ್ಲ. ಭಯಪಟ್ಟ ಒಬ್ಬ ತಾಯಿ. ಭಯಪಡೋದಕ್ಕೆ ಕಾರಣ ಇರುವ ತಾಯಿ. ನಾನು ಹೇಳಬಹುದಾದದ್ದನ್ನು ಹೇಳಿದೆ. ಇವನಿಂದ ರೇಬಿಸ್ ಬರದಂತೆ ಪ್ರತಿ ವರ್ಷ ಲಸಿಕೆ ಹಾಕ್ತೀವಿ, ದಿನಾಂಕ ನನ್ನ ಶೀಟಿನಲ್ಲಿದೆ. ಇವನಿಲ್ಲದಿದ್ದರೆ ಬರುವ ನಾಯಿಗೆ ಅದು ಇರಲ್ಲ. ಇವನು ಯಾರ ಮೇಲಾದರೂ ಹೋದರೆ ನನಗೆ ಫೋನ್ ಮಾಡಿ, ಬಂದು ನೋಡ್ತೀವಿ, ಅಗತ್ಯ ಬಿದ್ದರೆ ಕರೆದುಕೊಂಡು ಹೋಗ್ತೀವಿ. ಅವರು ಸಮಾಧಾನ ಆದವರ ಹಾಗೆ ಕಾಣಲಿಲ್ಲ. ಆದರೆ ಹೋಗಲೂ ಇಲ್ಲ.

ಆಗ ಗಮನಕ್ಕೆ ಬಂದದ್ದು ಊಟದ ಜಾಗ. ಅಜ್ಜಿ ದಿನಾ ಸಂಜೆ ಅನ್ನ ಹಾಕುತ್ತಿದ್ದದ್ದು ಇವರ ಕಟ್ಟಡದ ಮೆಟ್ಟಿಲ ಪಕ್ಕ, ಅಲ್ಲೇ ಸ್ಕೂಲ್ ವ್ಯಾನು ನಿಲ್ಲೋದು. ಊಟದ ಹೊತ್ತಿಗೆ ನಾಲ್ಕೈದು ನಾಯಿ ಸೇರಿ ಕಿತ್ತಾಡುತ್ತವೆ, ಮಕ್ಕಳು ಇಳಿಯೋದೂ ಅದೇ ಹೊತ್ತಿಗೆ. ಮೆಟ್ಟಿಲು, ಮಕ್ಕಳು ಆಡುವ ಜಾಗದಿಂದ ದೂರದಲ್ಲಿ, ಅಲ್ಲಿಯವರೇ ಕೂತು ಒಪ್ಪಿಕೊಂಡ ಕಡೆ ಊಟ ಹಾಕಬೇಕು ಅಂತ ಅದೇ 2023ರ ನಿಯಮಗಳಲ್ಲಿದೆ. ಅಜ್ಜಿಗೆ ಇದು ಸಿಟ್ಟು ತರಿಸಿತು. "ಇಪ್ಪತ್ತು ವರ್ಷದಿಂದ ಇಲ್ಲೇ ಹಾಕ್ತಿದ್ದೀನಿ. ನಿನ್ನೆ ಮೊನ್ನೆ ಬಂದು ಬಿಲ್ಡಿಂಗ್ ಕಟ್ಟಿದ್ದು ಅವರು." ಅದೂ ನಿಜ. ಒಂದು ಗಂಟೆ ಹೋಯಿತು ಮಾತಿನಲ್ಲಿ. ಇಸ್ತ್ರಿ ಅಂಗಡಿಯವರು ನಡುವೆ ಬಂದು, ಹಿಂದಿನ ಖಾಲಿ ಸೈಟಿನ ಕಾಂಪೌಂಡ್ ಪಕ್ಕ, ರಾತ್ರಿ ಎಂಟರ ಮೇಲೆ, ಪೇಪರ್ ಹಾಸಿ ಹಾಕಿ ಆಮೇಲೆ ಎತ್ತೋದು ಅಂತ ತೀರ್ಮಾನ ಮಾಡಿಸಿದರು. ಅಜ್ಜಿಗೆ ಅಲ್ಲಿವರೆಗೆ ನಡೆಯೋಕೆ ಮಂಡಿನೋವು; ಪಾತ್ರೆ ಹೊತ್ತುಕೊಂಡು ಹೋಗೋದಕ್ಕೆ ಇಸ್ತ್ರಿಯವರ ಮಗ ಒಪ್ಪಿದ.

ಈ ಒಂದು ಗಂಟೆಯನ್ನು ವಾಲಂಟಿಯರ್ ಫಾರಂನಲ್ಲಿ ಏನಂತ ಬರೀಬೇಕೋ ಗೊತ್ತಾಗಲಿಲ್ಲ. ಆದರೆ ಎರಡು ವರ್ಷ ಗೂಡು ತೊಳೆದದ್ದಕ್ಕಿಂತ ಇದರಿಂದ ಹೆಚ್ಚು ನಾಯಿ ಉಳಿಯುತ್ತೆ ಅಂತ ನನಗನ್ನಿಸಿದೆ, ಮಕ್ಕಳ ಕಾಲೂ ಸಹ. ಆವತ್ತು ಹೊರಡುವಾಗ ಬೋಂಡ, ಅಲ್ಲ ರಾಜ, ಗಾಡಿ ತನಕ ಬಂದ. ಹತ್ತುತ್ತಾನೇನೋ ಅಂತ ಒಂದು ಕ್ಷಣ ಅಂದುಕೊಂಡೆ. ಟೈರಿಗೆ ಕಾಲೆತ್ತಿ, ವಾಪಸ್ ಹೂವಿನ ಬುಟ್ಟಿ ಪಕ್ಕ ಹೋಗಿ ಮಲಗಿದ. ಆಫೀಸಿಗೆ ಹೋಗುವ ದಾರಿಯಲ್ಲಿ ಅತ್ತೆ, ಯಾಕೆ ಸುಳ್ಳು ಹೇಳಲಿ. ಡ್ರೈವರ್ ಅಣ್ಣ ರೇಡಿಯೊ ಜೋರು ಮಾಡಿದರು.

ದೀಪಾವಳಿಯ ಮೂರು ದಿನ ಹೆದರಿಕೆ ಇತ್ತು, ಪಟಾಕಿಗೆ ಬೆದರಿ ಊರು ತಪ್ಪಿ ಓಡುವ ನಾಯಿಗಳ ಫೋನೇ ಆ ವಾರವೆಲ್ಲ. ಅಜ್ಜಿ ಅವನನ್ನು ಇಸ್ತ್ರಿ ಅಂಗಡಿಯ ಟೇಬಲ್ ಕೆಳಗೆ ಗೋಣಿಚೀಲ ಹಾಕಿ ಮಲಗಿಸಿದ್ದರು. ಮೊದಲನೇ ಮಹಡಿಯವರ ಮಗ ಈಗಲೂ ಒಬ್ಬನೇ ಕೆಳಗಿಳಿಯಲ್ಲ. ಅವರಿಗೆ ಈಗಲೂ ನಾಯಿ ಅಂದರೆ ಆಗಲ್ಲ. ಆದರೆ ನನ್ನ ನಂಬರ್ ಸೇವ್ ಮಾಡಿಕೊಂಡಿದ್ದಾರೆ. ಹೋದ ತಿಂಗಳು ಅವರಿಂದ ಒಂದು ಮೆಸೇಜ್ ಬಂತು, ನಮಸ್ಕಾರ ಕೂಡ ಇಲ್ಲದ ಮೆಸೇಜ್: "ಕಂದು ಬಣ್ಣದ ಹೆಣ್ಣುನಾಯಿ ಒಂದು ಹೊಸದಾಗಿ ಬಂದಿದೆ. ಕಿವಿ ಕತ್ತರಿಸಿಲ್ಲ. ಮರಿ ಹಾಕೋ ಮೊದಲು ಯಾವಾಗ ಹಿಡ್ಕೊಂಡು ಹೋಗ್ತೀರಾ?"

ಕಿವಿ ನೋಡಿದ್ದಾರೆ ಅವರು.

ನಾಯಿ ಬಸಿರು ಎರಡು ತಿಂಗಳಷ್ಟೇ, ಹಾಗಾಗಿ ತಡ ಮಾಡುವ ಹಾಗಿರಲಿಲ್ಲ. ಹಿಡಿಯುವವರು ಬೆಳಗ್ಗೆ ಐದೂವರೆಗೇ ಬಲೆ ತಗೊಂಡು ಬರ್ತಾರೆ, ಬೀದಿ ಎದ್ದ ಮೇಲೆ ಆಗಲ್ಲ. ಹಿಂದಿನ ರಾತ್ರಿ ಅವಳಿಗೆ ಊಟ ಹಾಕಬಾರದು ಅಂತ ಅಜ್ಜಿಗೆ ಒಪ್ಪಿಸಬೇಕಾಯಿತು, ಅದಕ್ಕೆ ಎರಡು ದಿನ ಹಿಡೀತು. ಈಗ ಅವಳು ನಮ್ಮಲ್ಲಿದ್ದಾಳೆ. ಹೊಲಿಗೆ ಒಣಗಿದೆ. ಮುಂದಿನ ಶನಿವಾರ ವಾಪಸ್ ಬಿಡಬೇಕು, ಗ್ರೂಪಿನಲ್ಲಿ ಹಾಕಿದ್ದೀನಿ, ನೀಲಿ ಟಿಕ್ ಬಿದ್ದಿದೆ. ನಾಯಿ ಕಂಡರೆ ಭಯ ಇತ್ತು ಅಂದೆನಲ್ಲ, ಆ ಹುಡುಗಿ ಮಾತ್ರ "ನಾನು ಬರ್ತೀನಿ" ಅಂತ ಹಾಕಿದ್ದಾಳೆ. ಈ ಭಾನುವಾರ ಹೊಸಬರು ಆರು ಜನ ಬರ್ತಾರಂತೆ. ಗಮ್‌ಬೂಟ್ ಇರೋದು ನಾಲ್ಕೇ ಜೊತೆ, ಅದರಲ್ಲಿ ಒಂದು ಸೋರುತ್ತೆ.